ಗಾಡಿ ಬರುವತನಕ

ಬೆಳಗಿನ ಎಂಟು ಹತ್ತರ ಪ್ಯಾಸೆಂಜರ್ ಗಾಡಿ ಹುಟ್ಟಿದಾಗಿನಿಂದ ಎಂಟು ಹತ್ತಕ್ಕೆ ಬಂದದ್ದಿಲ್ಲ. ಎಂಟೂಕಾಲು, ಎಂಟೂವರೆ, ಒಮ್ಮೊಮ್ಮೆ ಒಂಬತ್ತು. ಅದಕ್ಕೆ ಮನಸ್ಸು ಬಂದಾಗ ಬರುತ್ತಿತ್ತು. ಹತ್ತಿ ಗಿರಣಿಯ ಸಾಲುಮನೆಗಳಾದ ನರಗಟ್ಟಿಯ ಜಿನ್ ಚಾಳದವರಿಗೆ ಮೊದಲೆಲ್ಲ ಅದರ ಗೊಡವೆಯೇ ಇರಲಿಲ್ಲ. ಹಳಿಯ ಪಕ್ಕದಲ್ಲೇ ಹುಟ್ಟಿ ಬೆಳೆದವರಿಗೆ ರೈಲಿನ ಸದ್ದು ಏನು ಮಹಾ! ಆದರೆ ಈಗ ನಾಲ್ಕು ತಿಂಗಳಿಂದ ಗಾಡಿ ಐದು ನಿಮಿಷ ತಡವಾದರೆ ಸಾಕು, ಚಾಳದ ನೂರಾ ಎಂಬತ್ತು ಮನೆಗಳಲ್ಲಿ ಜೀವ ಬಾಯಿಗೆ ಬರುತ್ತಿತ್ತು.

ಅಂದು ಅದು ಬಂದದ್ದು ಎಂಟು ಮೂವತ್ತೈದಕ್ಕೆ. ನೀಲಾಂಬಿಕೆ ಆಫೀಸಿಗೆ ಹೊರಡಲು ತಲೆ ಬಾಚಿಕೊಳ್ಳುತ್ತಿದ್ದಳು. ಬೆನ್ನ ಹಿಂದೆ ಹೊರಸಿನ ಮೇಲೆ ಕೂತ ಅಪ್ಪ ಫಕೀರಪ್ಪ ಕನ್ನಡಿಯಲ್ಲಿ ಕಾಣುತ್ತಿದ್ದ. ಎಪ್ಪತ್ತೆರಡರ ಮುದುಕ ಟವೆಲ್ಲನ್ನು ಉಂಡೆ ಮಾಡಿ ಬಾಯಿಗೆ ತುರುಕಿಕೊಂಡು, ಕಣ್ಣು ಕೆಂಪಗೆ ಮಾಡಿಕೊಂಡು, ಎರಡೂ ಕೈಯಲ್ಲಿ ಹೊರಸಿನ ಅಂಚನ್ನು ಗಟ್ಟಿಯಾಗಿ ಹಿಡಿದಿದ್ದ. ಕಿಟಕಿ ಮುಚ್ಚಿತ್ತು. ಅದರ ಸಂದಿಗೆ ಹಳೆಯ ಸೀರೆಯ ತುಂಡು ತುರುಕಿತ್ತು. ದೂರದಲ್ಲಿ ಸೀಟಿ ಕೇಳಿಸಿತು, ನೆಲ ನಡುಗತೊಡಗಿತು. ಎಂಜಿನ್ನು ಗೇಟು ದಾಟಿತೋ ಇಲ್ಲವೋ, ಫಕೀರಪ್ಪ ಟವೆಲ್ಲು ಕಿತ್ತು ಕೆಮ್ಮಿದ. ಪಕ್ಕದ ಮನೆಯಲ್ಲಿ ಕೆಮ್ಮಿದರು. ಎದುರು ಮನೆಯಲ್ಲಿ, ಹಿಂದಿನ ಸಾಲಿನಲ್ಲಿ, ನಳದ ಕಟ್ಟೆಯ ಹತ್ತಿರ, ಹೆಂಗಸರು, ಗಂಡಸರು, ಸಾಲೆಗೆ ಹೊರಟ ಮಕ್ಕಳು, ಇಡೀ ಚಾಳ ಒಟ್ಟಿಗೆ ಕೆಮ್ಮಿತು. ಹದಿನಾಲ್ಕು ಡಬ್ಬಿ ಹಾದುಹೋಗುವಷ್ಟು ಹೊತ್ತು ಕೆಮ್ಮಿತು. ಕೊನೆಯ ಡಬ್ಬಿ ದಾಟಿದ್ದೇ ತಡ, ಎಲ್ಲ ಬಾಯಿಗಳೂ ಮುಚ್ಚಿದವು. ಆಮೇಲೆ ಕೇಳಿಸಿದ್ದು ನಳದ ನೀರಿನ ಸದ್ದು ಮಾತ್ರ.

"ಆತು," ಅಂದ ಫಕೀರಪ್ಪ ಕಣ್ಣೊರೆಸಿಕೊಳ್ಳುತ್ತ. "ಇನ್ನ ಹನ್ನೆರಡು ನಲವತ್ತರ ಗೂಡ್ಸ್ ಬರೂತನಕ ಚಿಂತಿಲ್ಲ. ನೀ ಹೋಗಿ ಬಾ ನಮ್ಮವ್ವ."

ಅವನು ಟವೆಲ್ಲನ್ನು ಬೇಗ ಮಡಚಿ ತೊಡೆಯ ಕೆಳಗೆ ಇಟ್ಟುಕೊಂಡ. ಅದನ್ನು ಅವಳು ಕನ್ನಡಿಯಲ್ಲಿ ನೋಡಿದಳು. ಆಗ ಏನೂ ಅನ್ನಿಸಲಿಲ್ಲ, ಬಸ್ಸಿಗೆ ಹೊತ್ತಾಗಿತ್ತು.

ಈ ಹುಚ್ಚಾಟಕ್ಕೆಲ್ಲ ಯಾರು ಕಾರಣ ಅಂತ ಚಾಳದವರನ್ನು ಕೇಳಿದರೆ ಕಂಬದ ಮೇಲಿನ ಡಬ್ಬಿ ತೋರಿಸುತ್ತಿದ್ದರು. ನೀಲಾಂಬಿಕೆಯನ್ನು ಕೇಳಿದ್ದರೆ, ಅವಳು ನಿಜ ಹೇಳುವ ಧೈರ್ಯ ಮಾಡಿದ್ದರೆ, ತನ್ನ ಕಡೆಗೇ ಬೆರಳು ತೋರಿಸಿಕೊಳ್ಳಬೇಕಾಗುತ್ತಿತ್ತು.

ಹದಿನೆಂಟು ವರ್ಷದ ಹಿಂದೆ ಅವಳು ಕೆಲಸಕ್ಕೆ ಸೇರಿದಾಗ ಆರೋಗ್ಯ ಪರಿಣಾಮ ಅಂದಾಜು ಶಾಖೆ ಎಂದರೆ ಇಲಾಖೆಯ ಮೂಲೆಯಲ್ಲಿ ಒಂದೂವರೆ ಮೇಜು. ಕಾರ್ಖಾನೆಯೋ ರಸ್ತೆಯೋ ಬರುವ ಮೊದಲು, ಅದರಿಂದ ಸುತ್ತಲಿನ ಜನರ ಮೈಗೆ ಏನಾದೀತು ಅಂತ ಮುಂಚಿತವಾಗಿ ಹೇಳುವುದು ಶಾಖೆಯ ಕೆಲಸ. ಹೇಳುತ್ತಿದ್ದದ್ದು ಹನ್ನೆರಡು ಪುಟದ ಒಂದು ಹಳದಿ ಫಾರ್ಮು. ಅದರಲ್ಲಿ ನಲವತ್ತೆಂಟು ಪ್ರಶ್ನೆ. ನಲವತ್ತೆಂಟಕ್ಕೂ "ಇಲ್ಲ" ಅಂತ ಬರೆದು, ಠಸ್ಸೆ ಒತ್ತಿ, ಚಹಾ ಕುಡಿಯಲು ಹೋಗುವುದು ಅಲ್ಲಿನ ಪದ್ಧತಿ. ಊದಿನಕಡ್ಡಿ ಕಾರ್ಖಾನೆಗೂ ಇಲ್ಲ, ಆ್ಯಸಿಡ್ ಕಾರ್ಖಾನೆಗೂ ಇಲ್ಲ.

ಆ ಫಾರ್ಮು ಕಂಡರೆ ನೀಲಾಂಬಿಕೆಗೆ ಮೈಯೆಲ್ಲ ಉರಿಯುತ್ತಿತ್ತು. ಅವಳ ಅವ್ವ ಗಂಗವ್ವ ಇಪ್ಪತ್ತು ವರ್ಷ ಜಿನ್ನಿನಲ್ಲಿ ಹತ್ತಿ ಬಿಡಿಸಿ, ಎದೆಯ ತುಂಬ ಹತ್ತಿಯ ಧೂಳು ತುಂಬಿಕೊಂಡು ಸತ್ತವಳು. ಜಿನ್ನಿನ ಡಾಕ್ಟರು ಬರೆದದ್ದು ಎರಡೇ ಮಾತು: ಮೊದಲೇ ರೋಗಿಯಾಗಿದ್ದಳು. ಅಷ್ಟು ಸಾಕಾಯಿತು, ಮಾಲೀಕ ಕೈ ತೊಳೆದುಕೊಂಡ. ಈ ಎರಡು ಮಾತನ್ನು ಇನ್ನು ಯಾರೂ ಯಾರ ಹೆಣದ ಮೇಲೂ ಬರೆಯಬಾರದು ಅಂತ ನೀಲಾಂಬಿಕೆ ಹಟ ಹಿಡಿದಳು. ಮೂರು ವರ್ಷ ಕೂತು ಲೆಕ್ಕದ ಹೊಸ ಕ್ರಮ ಕಟ್ಟಿದಳು. ಯೋಜನೆ ಬರುವ ಮೊದಲು ಜನ ಎಷ್ಟು ರೋಗಿಗಳು ಅಂತ ಅಳೆಯಬೇಕು, ಬಂದ ಮೇಲೆ ಮತ್ತೆ ಅಳೆಯಬೇಕು, ನಡುವಿನ ವ್ಯತ್ಯಾಸ ಯೋಜನೆಯ ಪಾಪ. ಆ ಪಾಪವನ್ನು ಕಳೆದುಹೋದ ಆಯುಷ್ಯದ ವರ್ಷಗಳಲ್ಲಿ ತೂಗಬೇಕು. ಹಳದಿ ಫಾರ್ಮು ಹೋಗಿ ಯಂತ್ರ ಬಂತು. ಅದಕ್ಕೆ ತಕ್ಕಡಿ ಅಂತ ಹೆಸರಿಟ್ಟರು. ಒಂದೂವರೆ ಮೇಜಿನ ಶಾಖೆ ನಿರ್ದೇಶನಾಲಯವಾಯಿತು, ನರಗಟ್ಟಿಯಲ್ಲಿ ಅದಕ್ಕೊಂದು ವಿಭಾಗೀಯ ಕಚೇರಿಯಾಯಿತು. ನೀಲಾಂಬಿಕೆಯ ಫೋಟೋ ಪೇಪರಿನಲ್ಲಿ ಬಂತು. ಫಕೀರಪ್ಪ ಅದನ್ನು ಕತ್ತರಿಸಿ ಟ್ರಂಕಿನ ಮುಚ್ಚಳದ ಒಳಗೆ ಅಂಟಿಸಿದ.

ಎಡವಟ್ಟಾದದ್ದು ಆಮೇಲೆ. ತಕ್ಕಡಿ ಇಷ್ಟು ಚೆಂದ ತೂಗುತ್ತದಲ್ಲ, ಯೋಜನೆಗೆ ಜಾಗವನ್ನೂ ಅದೇ ಆರಿಸಲಿ ಅಂತ ಮೇಲಿನವರು ಆದೇಶ ಹೊರಡಿಸಿದರು. ಗಟ್ಟಿಮುಟ್ಟಾದವನ ಎದೆಗೆ ಹೊಗೆ ಹೊಕ್ಕರೆ ಅವನ ಆಯುಷ್ಯದಲ್ಲಿ ಹತ್ತು ವರ್ಷ ಹೋಗುತ್ತದೆ. ಎದೆ ಮೊದಲೇ ಹಾಳಾದವನಿಗೆ ಉಳಿದಿರುವುದೇ ಎರಡು ವರ್ಷ. ಅವನಿಂದ ಹೊಗೆ ಕಸಿಯುವುದು ಒಂದೇ ವರ್ಷ. ತಕ್ಕಡಿ ಎರಡನ್ನೂ ತೂಗಿತು. ನಷ್ಟ ಎಲ್ಲಿ ಹಗುರವೋ ಹೊಗೆಯನ್ನು ಅಲ್ಲಿಗೆ ಕಳಿಸಿತು. ಟಯರ್ ಕರಗಿಸುವ ಘಟಕ ಜಿನ್ ಚಾಳದ ಬೆನ್ನಿಗೇ ಬಂದು ಕೂತಿತು. ಅವ್ವನ ಹೆಣದ ಮೇಲೆ ಬರೆದ ಮಾತನ್ನು ನೀಲಾಂಬಿಕೆ ತನ್ನ ಕೈಯಾರೆ ಇಡೀ ಚಾಳದ ಮೇಲೆ ಬರೆದಂತಾಗಿತ್ತು.

ಜನರು ಸಮೀಕ್ಷೆಯವರ ಮುಂದೆ ಕಾಯಿಲೆ ಹೇಳಿಕೊಳ್ಳುವುದಿಲ್ಲ ಅಂತ ಘಟಕ ಬರುವ ಮೊದಲೇ ಕಂಬಕಂಬಕ್ಕೂ ಡಬ್ಬಿ ಬಂದಿತ್ತು. ಊಟದ ಡಬ್ಬಿಯಷ್ಟು ದೊಡ್ಡದು. ಅದು ಮಾತು ಕೇಳಿಸಿಕೊಳ್ಳುವುದಿಲ್ಲ, ಕೆಮ್ಮು ಮಾತ್ರ ಎಣಿಸುತ್ತದೆ. ಚಾಳದವರು ಅದಕ್ಕೆ ಕಿವಿ ಅಂದರು. ಮೊದಮೊದಲು ಅದರ ಕೆಳಗೆ ನಿಂತು ಬೇಕಂತಲೇ ಕೆಮ್ಮಿ ನಗಾಡುತ್ತಿದ್ದರು ಕೂಡ.

ಈಗ ಇನ್ನೊಂದು ಬರುವುದಿತ್ತು. ಆರು ಜಿಲ್ಲೆಗಳ ಆಸ್ಪತ್ರೆಗಳ ಕಸ ಸುಡುವ ಭಟ್ಟಿ. ಮೂರು ಜಾಗಗಳ ಹೆಸರು ತಕ್ಕಡಿಗೆ ಹೋಗಿದ್ದವು. ನೂರು ಜನಕ್ಕೆ ಗಂಟೆಗೆ ನಲವತ್ತು ಕೆಮ್ಮು ದಾಟಿದ ಜಾಗ ಎಂದರೆ ಕೆಟ್ಟುಹೋದ ಜಾಗ, ಅಲ್ಲಿ ಇನ್ನಷ್ಟು ಕೆಡುವುದು ಹೆಚ್ಚೇನೂ ಇಲ್ಲ. ಟಯರ್ ಘಟಕ ಶುರುವಾಗುವ ಹೊತ್ತಿಗೇ ಚಾಳದ ಲೆಕ್ಕ ನಲವತ್ಮೂರು ಇತ್ತು. ಐದು ತಿಂಗಳು ಅಳೆದು ಕೊನೆಯ ದಿನ ತೀರ್ಮಾನ. ಅದನ್ನು ನೋಡಿದ ದಿನ ನೀಲಾಂಬಿಕೆ ನಳದ ಕಟ್ಟೆಯ ಹತ್ತಿರ ಹುಸೇನಬಿಯನ್ನು ಪಕ್ಕಕ್ಕೆ ಕರೆದಳು. ಹುಸೇನಬಿ ಚಾಳದ ಆಶಾ ಕಾರ್ಯಕರ್ತೆ, ಇಬ್ಬರೂ ಒಂದೇ ಬೆಂಚಿನಲ್ಲಿ ಕೂತು ಕಲಿತವರು.

"ಲೆಕ್ಕ ನಲವತ್ತರ ಕೆಳಗ ಇಳೀಬೇಕು, ಹುಸೇನಾ. ಇಳದ್ರ ಭಟ್ಟಿ ಬ್ಯಾರೆ ಕಡೆ ಹೋಗತೈತಿ."

"ಕೆಮ್ಮು ಬಂದ್ರ ಏನ್ ಮಾಡಬೇಕವಾ? ನುಂಗಾಕ ಅದೇನ್ ಹೋಳಗಿಯೇನು?"

ನೀಲಾಂಬಿಕೆ ಸುತ್ತ ನೋಡಿ ದನಿ ತಗ್ಗಿಸಿದಳು. "ಗಾಡಿ ಬಂದಾಗ ಕಿವಿ ಕೇಳೂದಿಲ್ಲ. ಗದ್ದಲ ಜಾಸ್ತಿ ಆದ್ರ ತಾನ ಮುಚ್ಚಿಕೊಂಡ ಬಿಡತೈತಿ."

ಇಷ್ಟೇ ಅವಳು ಹೇಳಿದ್ದು. ಒಂದು ವಾರದೊಳಗೆ ಇಡೀ ಚಾಳ ರೈಲ್ವೆ ವೇಳಾಪಟ್ಟಿ ಬಾಯಿಪಾಠ ಮಾಡಿತ್ತು.

ಕಚೇರಿಯ ನಿಯಂತ್ರಣ ಕೊಠಡಿಯಲ್ಲಿ ಗೋಡೆಯಗಲದ ಪರದೆ. ಅದರ ಮೇಲೆ ಊರಿನ ಬೀದಿಗಳೆಲ್ಲ ಬಣ್ಣಬಣ್ಣವಾಗಿ ಕಾಣುತ್ತಿದ್ದವು. ಕೆಮ್ಮು ಹೆಚ್ಚಿದ್ದಲ್ಲಿ ಕಂದು, ಕಡಿಮೆ ಇದ್ದಲ್ಲಿ ಹಸಿರು. ನೀಲಾಂಬಿಕೆ ಒಳಗೆ ಬಂದಾಗ ವಿಭಾಗದ ಮುಖ್ಯಸ್ಥ ಡಾ. ಗಲಗಲಿ ಪರದೆಯ ಮುಂದೆ ಕೈ ಕಟ್ಟಿಕೊಂಡು ನಿಂತಿದ್ದರು. ಒಳ್ಳೆಯ ಮನುಷ್ಯ. ಯಾರಿಗೂ ಗದರಿದವರಲ್ಲ, ಅಂಕಿ ಬಿಟ್ಟರೆ ಬೇರೆ ಯಾವುದನ್ನೂ ನಂಬಿದವರಲ್ಲ.

"ಬರ್ರಿ ಮೇಡಂ, ನಿಮ್ಮ ಓಣಿ ನೋಡ್ರಿ. ಹನ್ನೊಂದಕ್ಕ ಇಳದದ! ಹಸಿರಂದ್ರ ಹಸಿರು. ಟಯರ್ ಘಟಕ ಬಂದಮ್ಯಾಲೆ ಇಳದದ ಅಂದ್ರ ಏನಿದು ಚಮತ್ಕಾರ?"

"ಜನಾ ಎಚ್ಚರಾಗ್ಯಾರ ಸರ್. ಹುಸೇನಬಿ ಛಲೋ ಕೆಲಸ ಮಾಡತಾಳ," ಅಂದಳು ನೀಲಾಂಬಿಕೆ. 

"ಮಾಡತಿರಬೇಕು, ಮಾಡತಿರಬೇಕು." ಗಲಗಲಿಯವರು ಪರದೆಯ ಹಸಿರನ್ನೇ ನೋಡುತ್ತ ತಲೆದೂಗಿದರು. "ತಕ್ಕಡಿಗೂ ಆಶ್ಚರ್ಯ ಆಗೇದ. ದಿನಾ ಇದನ್ನ ತಿರುವಿ ತಿರುವಿ ನೋಡಲಿಕ್ಕೆ ಹತ್ಯದ."

ಆ ಮಾತು ಅವಳ ಮನಸ್ಸಿನಲ್ಲಿ ಒಂದು ಗಳಿಗೆ ಸಿಕ್ಕಿಕೊಂಡಿತು. ಒಂದನೆಯ ತಾರೀಖಿಗೆ ತೀರ್ಮಾನ, ಇನ್ನು ಹದಿನೈದು ದಿನ, ಆಮೇಲೆ ಎಲ್ಲ ಸರಿಹೋಗುತ್ತದೆ ಅಂದುಕೊಂಡು ಅದನ್ನು ಬಿಡಿಸಿ ಎಸೆದಳು.

ಸಂಜೆ ಮನೆಗೆ ಬಂದು ಬಟ್ಟೆ ನೆನೆಹಾಕಲು ಹೋದಾಗ ಟವೆಲ್ಲು ಸಿಕ್ಕಿತು. ಬಿಚ್ಚಿ ನೋಡಿದಳು. ಮಡಿಕೆಯ ಒಳಗೆ ರಕ್ತ. ಒಣಗಿದ್ದೂ ಇತ್ತು, ಹಸಿಯೂ ಇತ್ತು. 

"ಅಪ್ಪಾ, ಇದೆಷ್ಟ ದಿನದ್ದು?"

ಫಕೀರಪ್ಪ ಗೋಡೆ ನೋಡಿದ. "ಹಲ್ಲಾಗಿನ ರಕ್ತ ಅದು."

"ನಿನ್ನ ಬಾಯಾಗ ಹಲ್ಲ ಎಲ್ಲಿ ಅದಾವ? ಖರೇ ಹೇಳು."

"ಒಂದ ತಿಂಗಳಾತು." ಅವನು ಸಿಕ್ಕಿಬಿದ್ದ ಮಗುವಿನ ಹಾಗೆ ನಕ್ಕ. "ಸಂಜಿಗೆ ಮೈ ಬಿಸಿ ಆಗತೈತಿ, ಅಷ್ಟ."

ಅಷ್ಟರಲ್ಲಿ ಹುಸೇನಬಿ ವಾರದ ನೋಂದಣಿ ಪುಸ್ತಕ ಹಿಡಿದು ಒಳಗೆ ಬಂದಳು. ಟವೆಲ್ಲು ನೋಡಿದವಳೇ ಬಾಗಿಲು ಹಾಕಿಕೊಂಡಳು. ಇಪ್ಪತ್ತು ವರ್ಷ ಇದೇ ಕೆಲಸ ಮಾಡಿದವಳಿಗೆ ಅದು ಟಿ.ಬಿ. ಅಂತ ಯಾರೂ ಹೇಳಿಕೊಡಬೇಕಾಗಿರಲಿಲ್ಲ.

"ನಾಳೆ ಕಫಾ ಕೊಡಬೇಕು ಕಾಕಾ. ಗುಳಗಿ ನುಂಗಿದ್ರ ಆರು ತಿಂಗಳದಾಗ ಆರಾಮ ಆಗತೀರಿ."

"ಕಫಾ ಕೊಟ್ರ ಕಂಪ್ಯೂಟರಿಗೆ ಹೋಗತೈತಿ ಹೌದಿಲ್ಲೊ?"

ಹುಸೇನಬಿ ನೀಲಾಂಬಿಕೆಯ ಮುಖ ನೋಡಿದಳು. ಹೋಗುತ್ತಿತ್ತು. ಸರ್ಕಾರಿ ದವಾಖಾನೆಯಾದರೇನು, ಖಾಸಗಿಯಾದರೇನು, ಟಿ.ಬಿ. ಅಂತ ಖಚಿತವಾದರೆ ಅದೇ ದಿನ ದಾಖಲಾಗಬೇಕೆಂಬ ಕಾಯಿದೆ. ಒಬ್ಬನಿಗೆ ಸಿಕ್ಕಿತೆಂದರೆ ಮನೆಮನೆಯ ತಪಾಸಣೆಗೆ ತಂಡ ಬರುತ್ತದೆ. ತಂಡ ಬಂದರೆ ಚಾಳದಲ್ಲಿ ಎಷ್ಟು ಟವೆಲ್ಲುಗಳು ಸಿಗುತ್ತವೋ ಯಾರು ಬಲ್ಲರು. ನಲವತ್ಮೂರಲ್ಲ, ಎಂಬತ್ತಾದರೂ ಆದೀತು. ಭಟ್ಟಿ ನೇರವಾಗಿ ಇಲ್ಲಿಗೇ.

"ಹಾಂಗಾರ ಒಂದನೇ ತಾರೀಖಿಗೆ ಕೊಡತೇನಿ," ಅಂದ ಫಕೀರಪ್ಪ. "ಹದಿನೈದ ದಿನ. ಜಿನ್ನದಾಗ ಮೂವತ್ತ ವರ್ಷ ದುಡದಾಂವ, ಭಜನಿ ಮ್ಯಾಳದಾಗ ದಮ್ಮು ಹಿಡದು ಹಾಡಿದಾಂವ. ಇಷ್ಟ ತಡ್ಕೊಳ್ಳಾಕ ಬರೂದಿಲ್ಲೇನು ನನಗ?"

"ಅಪ್ಪಾ, ಹುಚ್ಚರಂಗ ಮಾತಾಡಬ್ಯಾಡ. ನಾಳೆ ನಾ ಕರಕೊಂಡ ಹೋಗಾಕೀನ."

"ನಾ ಬರೂದಿಲ್ಲ." ಅವನ ದನಿ ಗಟ್ಟಿಯಾಯಿತು. "ನನ್ನ ಒಬ್ಬನ ಸಲುವಾಗಿ ಈ ಮಕ್ಕಳ ಎದಿ ಸುಟ್ಟಿತು ಅಂತ ಅನಿಸ್ಕೊಳ್ಳಲೇನು? ಹುಸೇನಬಿ, ಪುಸ್ತಕ ತಗಿ. ಬರಕೋ. ಫಕೀರಪ್ಪಗ ಕೆಮ್ಮು ಇಲ್ಲ."

ಹುಸೇನಬಿ ಬರೆಯಲಿಲ್ಲ. ಪುಸ್ತಕವನ್ನು ನೀಲಾಂಬಿಕೆಯ ಮುಂದೆ ಹಿಡಿದಳು. ಎರಡು ವಾರಕ್ಕಿಂತ ಹೆಚ್ಚಿನ ಕೆಮ್ಮು, ಹೌದು ಅಥವಾ ಇಲ್ಲ, ಮನೆಯವರ ಸಹಿ. ಬಾಗಿಲ ಸಂದಿಯಿಂದ, ಹೊರಗೆ ನಿಂತ ಹುಸೇನಬಿಯ ಮಗಳು ಮೆಹರುನ್ನಿ ಕಾಣುತ್ತಿದ್ದಳು, ಎಂಟು ವರ್ಷದವಳು. ಎರಡೂ ಕೈಯಿಂದ ಬಾಯಿ ಮುಚ್ಚಿಕೊಂಡು ಆರೂಕಾಲಿನ ಗಾಡಿಗೆ ಕಾಯುತ್ತಿದ್ದಳು.

ನೀಲಾಂಬಿಕೆ ಸಹಿ ಮಾಡಿದಳು. ಹದಿನೈದು ದಿನದಲ್ಲಿ ಯಾರೂ ಸಾಯುವುದಿಲ್ಲ ಅಂತ ತನಗೆ ತಾನೇ ಹೇಳಿಕೊಂಡಳು. ಹದಿನೆಂಟು ವರ್ಷ ಆಯುಷ್ಯ ತೂಗಿದವಳಿಗೆ ಅಷ್ಟೂ ತಿಳಿಯದೇ?

ಆಮೇಲಿನ ದಿನಗಳು ಒಂದರ ಮೇಲೊಂದು ಉರುಳಿದವು. ಸೆಕೆ ಏರಿತ್ತು, ಆದರೆ ಚಾಳದಲ್ಲಿ ಒಂದು ಕಿಟಕಿಯೂ ತೆರೆದಿರಲಿಲ್ಲ. ಹತ್ತಡಿಯ ಖೋಲಿಯಲ್ಲಿ ಆರು ಜನ ಒಬ್ಬರ ಉಸಿರು ಒಬ್ಬರು ಕುಡಿದುಕೊಂಡು ಕೂತಿರುತ್ತಿದ್ದರು. ಕೆಮ್ಮು ಬಂದರೆ ತಲೆದಿಂಬು, ಅದೂ ಸಾಲದಿದ್ದರೆ ನೀರಿನ ಕೊಡದೊಳಗೆ ಮುಖ. ಕ್ಷಯಕ್ಕೆ ಇದಕ್ಕಿಂತ ಹಿತವಾದ ಜಾಗ ಬೇರೆಲ್ಲಿ ಸಿಕ್ಕೀತು? ನೀಲಾಂಬಿಕೆಗೆ ಇದೆಲ್ಲ ಗೊತ್ತಿತ್ತು. ಗೊತ್ತಿದ್ದೂ ಬೆಳಿಗ್ಗೆ ಎದ್ದು ಕಿಟಕಿಯ ಸಂದಿಗೆ ಸೀರೆ ಸರಿಯಾಗಿದೆಯೇ ಅಂತ ತಾನೇ ನೋಡುತ್ತಿದ್ದಳು.

ಇಪ್ಪತ್ಮೂರನೆಯ ತಾರೀಖು ಅವಳ ಮೇಜಿಗೆ ಒಂದು ಕಡತ ಬಂತು. ಜಿನ್ ಚಾಳದ ದವಾಖಾನೆಗೆ ಮೂರು ತಿಂಗಳಿಂದ ಎದೆಯ ಕಾಯಿಲೆಯ ಒಬ್ಬ ರೋಗಿಯೂ ಬಂದಿಲ್ಲ, ಎಕ್ಸ್‌ರೇ ಯಂತ್ರ ಸುಮ್ಮನೆ ಕೂತಿದೆ, ದವಾಖಾನೆ ಮುಚ್ಚಿ ಅದನ್ನು ಅಗತ್ಯವಿರುವ ಬೇರೆ ಊರಿಗೆ ಸಾಗಿಸಬಹುದು ಅಂತ ತಕ್ಕಡಿ ಶಿಫಾರಸು ಮಾಡಿತ್ತು. ಅವಳ ಅಭಿಪ್ರಾಯ ಬೇಕಿತ್ತು. ಬೇಡ ಅಂತ ಬರೆದರೆ ಯಾಕೆ ಅಂತ ಕೇಳುತ್ತಾರೆ. ಯಾಕೆ ಅಂತ ಹೇಳಿದರೆ ಇಷ್ಟು ದಿನ ತಡೆದುಕೊಂಡದ್ದೆಲ್ಲ ನೀರುಪಾಲು. ಪೆನ್ನು ಹಿಡಿದು ಎಷ್ಟೋ ಹೊತ್ತು ಕೂತಿದ್ದಳು. ಕೊನೆಗೆ "ಆಕ್ಷೇಪಣೆ ಇಲ್ಲ" ಅಂತ ಬರೆದಳು. ಹಳದಿ ಫಾರ್ಮಿನ ಮೇಲೆ ಬರೆಯುತ್ತಿದ್ದವರ ಕೈಬರಹದ ಹಾಗೇ ಇತ್ತು ಅದು.

ಒಂದನೆಯ ತಾರೀಖು ಬೆಳಿಗ್ಗೆ ಅವಳು ಹೊರಟಾಗ ಫಕೀರಪ್ಪ ಹೊರಸಿನಿಂದ ಏಳಲಿಲ್ಲ. ಮಾತೂ ಹೆಚ್ಚು ಆಡಲಿಲ್ಲ. "ಗೆದ್ದ ಬಾ," ಅಂದ ಅಷ್ಟೆ.

ನಿಯಂತ್ರಣ ಕೊಠಡಿಯಲ್ಲಿ ಪೇಢೆಯ ಡಬ್ಬಿ ತೆರೆದಿತ್ತು. ಡಾ. ಗಲಗಲಿಯವರು ತಾವೇ ಎಲ್ಲರಿಗೂ ಹಂಚುತ್ತಿದ್ದರು.

"ತಗೋರಿ ಮೇಡಂ. ಇದರೊಳಗ ನಿಮ್ಮ ಪಾಲು ದೊಡ್ಡದದ."

"ಭಟ್ಟಿ ಎಲ್ಲಿಗೆ ಸರ್?"

"ಜಿನ್ ಚಾಳಕ್ಕ."

ಪೇಢೆ ಅವಳ ಕೈಯಲ್ಲೇ ಉಳಿಯಿತು. "ಚಾಳದ ಲೆಕ್ಕ ಎಂಟಕ್ಕ ಇಳದದಲ್ಲ ಸರ್! ನಲವತ್ತರ ಮ್ಯಾಲಿದ್ರಷ್ಟ..."

"ಅದು ಹಳೇ ಮಾತ್ರಿ. ತಕ್ಕಡಿ ಕಲತದ." ಗಲಗಲಿಯವರು ಖುಷಿಯಿಂದ ಪರದೆಯ ಕಡೆ ತಿರುಗಿದರು. "ಘಟಕ ಬಂದ್ರ ಚಾಳದಾಗ ಕೆಮ್ಮು ಅರವತ್ತಕ್ಕ ಏರತದ ಅಂತ ಅದು ಹೇಳಿತ್ತು. ಏರಲಿಲ್ಲ, ಎಂಟಕ್ಕ ಬಂತು. ಅಂದಮ್ಯಾಲೆ ಏನರ್ಥ? ತಾನು ಹೊಗಿಗೆ ಭಾಳ ತೂಕಾ ಕೊಟ್ಟಿದ್ದೆ, ಅದು ಅಷ್ಟು ಕೆಟ್ಟದ್ದಲ್ಲ ಅಂತ ತಿದ್ದಿಕೊಂಡದ. ಇಡೀ ರಾಜ್ಯದಾಗ ಹೊಗಿ ಬರೂಕಿಂತ ಮೊದಲೂ ಬಂದಮ್ಯಾಲೂ ಕಿವಿ ಇದ್ದ ಜಾಗಾ ಇದೊಂದ. ಹೊಗಿ ತಡಕೊಳ್ಳೋ ಮಂದಿ ಅಂತ ನಿಮ್ಮ ಓಣಿಯವರು ದಾಖಲಾಗ್ಯಾರ. ಭಟ್ಟಿ ಅವರ ಹತ್ರ ಇಟ್ರ ಯಾರಿಗೂ ತ್ರಾಸಿಲ್ಲ."

"ಬಾಕಿ ಊರಿಗೆ?"

"ಬಾಕಿ ಊರಿಗೂ ಅದ ತೂಕ. ಹೊಗಿ ಅಂತ ತಡದಿಟ್ಟ ಮೂವತ್ತೊಂದು ಕಾರ್ಖಾನೆ ಇದ್ವು ನೋಡ್ರಿ, ಇವತ್ತ ಮುಂಜಾನೆ ಎಲ್ಲಾ ಪಾಸ್ ಆದ್ವು."

ನೀಲಾಂಬಿಕೆ ಕುರ್ಚಿ ಹುಡುಕಿ ಕೂತಳು.  ಪರದೆಯ ಮೇಲೆ ಚಾಳ ಹಸಿರು ಎಲೆಯ ಹಾಗೆ ಕಾಣುತ್ತಿತ್ತು. ಅವಳು ಎದ್ದು ಬಾಗಿಲು ಹಾಕಿ, ಬೇರೆಯವರನ್ನು ಹೊರಗೆ ಕಳಿಸಿ, ಎಲ್ಲ ಹೇಳಿದಳು. ಟವೆಲ್ಲು, ತಲೆದಿಂಬು, ಕೊಡ, ಗಾಡಿ. ತನ್ನ ಹೆಸರೊಂದನ್ನು ಬಿಟ್ಟು ಯಾವುದನ್ನೂ ಮುಚ್ಚಿಡಲಿಲ್ಲ.

ಗಲಗಲಿಯವರು ಕೈಯಲ್ಲಿದ್ದ ಪೇಢೆಯ ಡಬ್ಬಿ ಮೇಜಿನ ಮೇಲಿಟ್ಟರು. "ಕಿವಿ ಯಾವಾಗ ಮುಚ್ಚತದ ಅಂತ ಅವರಿಗೆ ಯಾರು ಹೇಳಿದ್ರು?"

"ನಾನ."

 ಅವರು ಕನ್ನಡಕ ತೆಗೆದು ಒರೆಸಿದರು. "ನಿಮ್ಮ ಮಾತು ನಾ ನಂಬತೀನಿ. ತಕ್ಕಡಿ ನಂಬೋದಿಲ್ಲ. ಅದಕ್ಕ ಅಂಕಿ ಬೇಕು. ಚಾಳದ ಒಬ್ಬ ರೋಗೀನ ಕರಕೊಂಡ ಬರ್ರಿ. ಜೀವಂತ ರೋಗಿ, ಕಫದ ವರದಿ, ಇವತ್ತಿನ ತಾರೀಖು. ಪುಸ್ತಕದಾಗ ಇಲ್ಲ ಅಂತ ಬರದದ, ಎದಿಯೊಳಗ ಅದ ಅಂತ ತೋರಿಸಿದ್ರ ಮರುತೂಕ ಕೇಳಲಿಕ್ಕೆ ನನಗ ಅಧಿಕಾರ ಅದ. ಸಂಜಿ ಐದಕ್ಕ ಕಡತ ಮ್ಯಾಲೆ ಹೋಗತದ. ಹೋತಂದ್ರ ಮುಗೀತು."

ಹದಿನೈದು ದಿನದಿಂದ ಅಡಗಿಸಿಟ್ಟ ಅಪ್ಪನನ್ನು ಈಗ ಊರೆದುರು ಹಿಡಿದು ತೋರಿಸಬೇಕಾಗಿತ್ತು. ಅವಳು ಓಡಿದಳು.

ಮನೆಗೆ ಬಂದಾಗ ಹನ್ನೆರಡು ದಾಟಿತ್ತು. ಖೋಲಿಯ ಬಾಗಿಲು ತೆಗೆದರೆ ಒಳಗಿನ ಬಿಸಿಗಾಳಿ ಮುಖಕ್ಕೆ ಹೊಡೆಯಿತು. ಹುಸೇನಬಿ ಆಗಲೇ ಬಂದು ಫಕೀರಪ್ಪನ ಪಕ್ಕ ಕೂತಿದ್ದಳು. ತಲೆದಿಂಬಿನ ಮೇಲೆ ರಕ್ತ ಹರಡಿತ್ತು. ಟವೆಲ್ಲು ಈಗ ಸಾಲುತ್ತಿರಲಿಲ್ಲ.

"ಹತ್ತು ಗಂಟಿಯಿಂದ ಹಿಂಗ ಅದಾರ," ಅಂದಳು ಹುಸೇನಬಿ ಅಳುತ್ತ. "ದವಾಖಾನಿಗೆ ಓಡಿ ಹೋದೆ, ಬೀಗ ಹಾಕೇತಿ. ಮಷೀನ ಗಾಡಿಗೆ ಹೇರಿಕೊಂಡ ಹೋದ್ರಂತ."

ಆ ಬೀಗ ಯಾರು ಹಾಕಿದ್ದು ಅಂತ ನೀಲಾಂಬಿಕೆ ಹೇಳಲಿಲ್ಲ. ಇಬ್ಬರೂ ಸೇರಿ ಮುದುಕನನ್ನು ಎತ್ತಿದರು. ಹತ್ತಿಯ ಮೂಟೆ ಹೊತ್ತ ಆ ಮೈ ಈಗ ಒಣಗಿದ ಬಟ್ಟೆಯಷ್ಟು ಹಗುರವಾಗಿತ್ತು. ಓಣಿಯ ತುದಿಯಲ್ಲಿ ಆಟೋ ಸಿಕ್ಕಿತು. ದೊಡ್ಡ ದವಾಖಾನೆ ಹಳಿಯ ಆಚೆ, ಗೇಟು ದಾಟಿದರೆ ಹತ್ತು ನಿಮಿಷ.

ಗೇಟು ಬಿದ್ದಿತ್ತು. ಹನ್ನೆರಡು ನಲವತ್ತರ ಗೂಡ್ಸ್.

ಆಟೋದ ಹಿಂದೆ ಮುಂದೆ ಸೈಕಲ್ಲು, ಬೈಕು, ತರಕಾರಿ ಗಾಡಿ, ಚಾಳದ ಇಪ್ಪತ್ತು ಮೂವತ್ತು ಜನ. ಒಬ್ಬರೂ ಮಾತಾಡುತ್ತಿರಲಿಲ್ಲ. ಕೆಲವರು ಸೆರಗು ಬಾಯಿಗೆ ಒತ್ತಿಕೊಂಡಿದ್ದರು. ಗೇಟಿನ ಪಕ್ಕದ ಕಂಬದ ಮೇಲೆ ಕಿವಿ ತನ್ನ ಸಣ್ಣ ಹಸಿರು ದೀಪ ಮಿಣುಕಿಸುತ್ತಿತ್ತು. ಫಕೀರಪ್ಪ ಮಗಳ ತೋಳಿಗೆ ಒರಗಿದ್ದ. ಎದೆಯೊಳಗೆ ಏನೋ ಗೊರಗೊರ ಅನ್ನುತ್ತಿತ್ತು. ಅದನ್ನು ಅವನು ತುಟಿ ಬಿಗಿದು ಹಿಡಿದಿಟ್ಟುಕೊಂಡಿದ್ದ.

"ಒಂದನೇ ತಾರೀಖ ಇವತ್ತ, ಹೌದಿಲ್ಲೊ?" ಅಂದ ಪಿಸುದನಿಯಲ್ಲಿ. "ಗೆದ್ದೀವೇನವಾ?"

ನೀಲಾಂಬಿಕೆ ಅವನನ್ನು ಎದೆಗೆ ಒತ್ತಿ ಹಿಡಿದಳು. "ಹೂಂ ಅಪ್ಪಾ. ಗೆದ್ದೀವಿ."

ಅವನ ಮುಖ ಅರಳಿತು.

"ಇನ್ನ ತಡ್ಕೊಳ್ಳೂದು ಬ್ಯಾಡಪ್ಪಾ. ಕೆಮ್ಮು. ಜೋರಾಗಿ ಕೆಮ್ಮು. ಎಲ್ಲಾ ಉಗುಳಿಬಿಡು, ನಾ ಹಿಡಿತೇನಿ." ಅವಳು ಆಫೀಸಿನ ಚೀಲದಲ್ಲಿದ್ದ ಊಟದ ಕ್ಯಾರಿಯರ್ ಬಿಚ್ಚಿ ಅದರ ಮುಚ್ಚಳವನ್ನು ಅವನ ಬಾಯಿಯ ಮುಂದೆ ಹಿಡಿದಳು. ಒಂದು ಚಮಚದಷ್ಟು ಕಫ ಬಂದರೂ ಸಾಕಿತ್ತು.

ಫಕೀರಪ್ಪ ಕಂಬ ನೋಡಿದ. ಮಗಳ ಮುಖ ನೋಡಿದ. ತಲೆ ಅಲ್ಲಾಡಿಸಿದ. ಒಂದು ಬೆರಳು ಎತ್ತಿ ಹಳಿಯ ಕಡೆ ತೋರಿಸಿದ.

"ಗಾಡಿ ಬರಲಿ. ಕಲಿಸಿದಾಕಿ ನೀನ ಅಲ್ಲೇನು?"

ಸೀಟಿ ಕೇಳಿಸಿತು. ನೆಲ ನಡುಗಿತು. ಕಲ್ಲಿದ್ದಲು ತುಂಬಿದ ಗೂಡ್ಸ್ ಧಡಧಡ ಬಂತು, ಮತ್ತು ಗೇಟಿನ ಹತ್ತಿರ ನಿಂತವರೆಲ್ಲ ಬಗ್ಗಿ ಕೆಮ್ಮಿದರು. ತರಕಾರಿಯವಳು ಗಾಡಿಗೆ ಒರಗಿ ಕೆಮ್ಮಿದಳು. ಹುಸೇನಬಿ ಕೆಮ್ಮಿದಳು. ಅವಳೂ! ನೀಲಾಂಬಿಕೆಗೆ ಅದು ಗೊತ್ತೇ ಇರಲಿಲ್ಲ. ಐವತ್ತೆಂಟು ಡಬ್ಬಿ, ಒಂದರ ಹಿಂದೆ ಒಂದು. ಅವಳು ಮುಚ್ಚಳ ಹಿಡಿದೇ ಇದ್ದಳು. "ಬಂತು ಅಪ್ಪಾ, ಗಾಡಿ ಬಂತು, ಈಗ ಕೆಮ್ಮು, ಕೆಮ್ಮಪ್ಪಾ..."

ಕೊನೆಯ ಡಬ್ಬಿ ದಾಟಿತು. ಎಲ್ಲರೂ ಬಾಯಿ ಮುಚ್ಚಿಕೊಂಡರು. ಮುಚ್ಚಳದಲ್ಲಿ ಏನೂ ಇರಲಿಲ್ಲ. ಫಕೀರಪ್ಪನ ಬೆರಳು ಮಡಿಲಿಗೆ ಬಿದ್ದಿತ್ತು. ಎದೆಯೊಳಗಿನ ಗೊರಗೊರ ನಿಂತಿತ್ತು.

ಹುಸೇನಬಿ ನಾಡಿ ಹಿಡಿದು ನೋಡಿದಳು. ಕತ್ತಿನ ಹತ್ತಿರ ನೋಡಿದಳು. ಆಮೇಲೆ ತನ್ನ ಸೆರಗಿನಿಂದ ಅವನ ಬಾಯಿ ಒರೆಸಿ ಕಣ್ಣು ಮುಚ್ಚಿದಳು. ಚೀಲದಲ್ಲಿದ್ದ ನೋಂದಣಿ ಪುಸ್ತಕ ಜಾರಿ ಆಟೋದ ನೆಲಕ್ಕೆ ಬಿದ್ದು ತೆರೆದುಕೊಂಡಿತು. ಫಕೀರಪ್ಪ, ಎಪ್ಪತ್ತೆರಡು ವರ್ಷ, ಕೆಮ್ಮು ಇಲ್ಲ. ಅದರ ಕೆಳಗೆ ವಾರವಾರಕ್ಕೂ ಒಂದು ಸಹಿ, ಎಲ್ಲವೂ ಮಗಳದೇ.

ನೀಲಾಂಬಿಕೆ ಅಳಲು ಬಾಯಿ ತೆರೆದಳು. ಅಳು ಬರಲಿಲ್ಲ, ಕೆಮ್ಮು ಬಂತು. ಎದೆಯ ತಳದಿಂದ ಬಂತು. ಅದು ಎಷ್ಟು ದಿನದಿಂದ ಅಲ್ಲಿತ್ತೋ ಅವಳಿಗೇ ತಿಳಿಯದು. ಆ ಮೌನದಲ್ಲಿ ಅದು ಗೇಟಿನ ಆಚೆಗೂ ಕೇಳಿಸುವಂತಿತ್ತು. ಜನರೆಲ್ಲ ಬೆಚ್ಚಿ ತಿರುಗಿದರು. ಹುಸೇನಬಿ ಕಣ್ಣೀರು ಸುರಿಸುತ್ತಲೇ ಧಾವಿಸಿ ಅವಳ ಬಾಯಿಗೆ ಅಂಗೈ ಒತ್ತಿದಳು.

"ಬ್ಯಾಡ ನೀಲಾ, ತಡ್ಕೋ. ಗಾಡಿ ಹೋತವಾ. ಮುಂದಿಂದು ಮೂರೂವರಿಗೆ ಐತಿ."

ಐದಕ್ಕೆ ಇನ್ನೂ ನಾಲ್ಕು ಗಂಟೆಯಿತ್ತು. ಜೀವಂತ ರೋಗಿ, ಇವತ್ತಿನ ತಾರೀಖು ಅಂದಿದ್ದರು ಗಲಗಲಿ. ನೀಲಾಂಬಿಕೆ ಆ ಕೈಯನ್ನು ಬಿಡಿಸಿದಳು. ಅಪ್ಪನ ತಲೆಯನ್ನು ಹುಸೇನಬಿಯ ಮಡಿಲಿಗೆ ಸರಿಸಿ ಆಟೋದಿಂದ ಇಳಿದಳು. ನೇರವಾಗಿ ಕಂಬದ ಕೆಳಗೆ ಹೋಗಿ, ಕತ್ತೆತ್ತಿ, ಆ ಹಸಿರು ದೀಪಕ್ಕೆ ಮುಖ ಕೊಟ್ಟು ಕೆಮ್ಮಿದಳು. ಮತ್ತೆ ಕೆಮ್ಮಿದಳು. ಗಂಟಲು ಹರಿಯುವಂತೆ ಕೆಮ್ಮಿ, ಬಂದದ್ದನ್ನು ಮುಚ್ಚಳಕ್ಕೆ ಉಗುಳಿದಳು.

"ನೀವೂ ಕೆಮ್ಮರಿ! ತಡ್ಕೋಬ್ಯಾಡ್ರಿ, ಎಲ್ಲಾರೂ ಕೆಮ್ಮರಿ!" ಅಂತ ಕೂಗಿದಳು.

ಯಾರೂ ಹತ್ತಿರ ಬರಲಿಲ್ಲ. ಚಾಳದ ಕಡೆ ಎಲ್ಲೋ ಅರ್ಧ ತೆರೆದಿದ್ದ ಒಂದು ಕಿಟಕಿ ಪಟಕ್ಕನೆ ಮುಚ್ಚಿತು. ತರಕಾರಿಯವಳು ಸೆರಗನ್ನು ಬಾಯಿಗೆ ಇನ್ನಷ್ಟು ಬಿಗಿಯಾಗಿ ಒತ್ತಿಕೊಂಡು, ಪಕ್ಕದವಳಿಗೆ ಸಿಟ್ಟಿನಿಂದ ಪಿಸುಗುಟ್ಟಿದಳು.

"ಎಂಥಾ ಬುದ್ಧಿಗೇಡಿ ಅಕಿ? ಇಷ್ಟ ದಿನ ಎಲ್ಲಾರೂ ತಡಕೊಂಡೇವಿ. ಗಾಡಿ ಬರೂತನಕ ಸುಮ್ನಿರಾಕ ಆಗೂದಿಲ್ಲೇನು ಅಕಿಗೆ?"